ಒಟಿಪಿಗಿಂತ ಮೊದಲು ಕಾಗದ: ಸಾಲದ ಕೌಂಟರಿನಲ್ಲಿ ಮಿಸ್ಟರಿ ಶಾಪರ್ ಆಗಿ

ಮಿಸ್ಟರಿ ಶಾಪಿಂಗ್‌ನಲ್ಲಿ ಮಾಮೂಲಿ ಅಸೈನ್‌ಮೆಂಟ್ ಎಂದರೆ ಚಪ್ಪಲಿ ಅಂಗಡಿಗೋ ಪೆಟ್ರೋಲ್ ಬಂಕಿಗೋ ಗಿರಾಕಿಯ ಹಾಗೆ ಹೋಗಿ, ಏನಾದರೂ ಕೊಂಡು, ಯಾರು ಹೇಗೆ ಮಾತಾಡಿಸಿದರು ಎಂದು ನೋಡಿಕೊಂಡು ಬಂದು ವರದಿ ತುಂಬುವುದು. ಬಿಲ್ಲಿನ ದುಡ್ಡನ್ನು ಏಜೆನ್ಸಿ ವಾಪಸ್ ಕೊಡುತ್ತದೆ, ಮೇಲೆ ಕೆಲವು ನೂರು ರೂಪಾಯಿ ಕೂಲಿ. ಸಾಲದ ಅಸೈನ್‌ಮೆಂಟಿನಲ್ಲಿ ಕೊಳ್ಳುವುದಕ್ಕೆ ಏನೂ ಇರುವುದಿಲ್ಲ. ಕೌಂಟರಿನ ಮೇಲೆ ಇಡಬೇಕಾದದ್ದು ನಮ್ಮ ಪ್ಯಾನ್, ಆಧಾರ್, ಮೊಬೈಲ್ ನಂಬರು. ಅವನ್ನು ಒಮ್ಮೆ ಕೊಟ್ಟ ಮೇಲೆ ಯಾವ ಏಜೆನ್ಸಿಯೂ ವಾಪಸ್ ತಂದುಕೊಡಲಾರದು.

ದಾವಣಗೆರೆಯಲ್ಲಿ ಇದ್ದುಕೊಂಡು ಈ ಕೆಲಸ ಮಾಡುತ್ತಾ ಕೆಲವು ವರ್ಷ ಆಯಿತು. ಬಿ.ಕಾಂ ಓದಿದವಳು ಎಂದು ಏಜೆನ್ಸಿಯವರು ನನಗೆ ಹಣಕಾಸಿನ ಕೆಲಸಗಳನ್ನೇ ಹೆಚ್ಚಾಗಿ ಕಳಿಸುತ್ತಾರೆ: ಚಿನ್ನದ ಸಾಲದ ಶಾಖೆ, ಮೊಬೈಲ್ ಅಂಗಡಿಯೊಳಗಿನ ಇಎಂಐ ಕೌಂಟರು, ಹತ್ತಿಪ್ಪತ್ತು ಸಾವಿರದ ಕೈಸಾಲ ಕೊಡುವ ಫೈನಾನ್ಸ್ ಕಚೇರಿ. ಕೆಲಸ ಕೊಡಿಸುವುದು ಬಹುಮಟ್ಟಿಗೆ ಆ ಸಾಲ ಕೊಡುವ ಕಂಪನಿಗಳೇ. ತಮ್ಮ ಸಿಬ್ಬಂದಿ ಗಿರಾಕಿಗೆ ಏನು ಹೇಳುತ್ತಾರೆ, ಏನನ್ನು ಬಾಯಿಬಿಡುವುದಿಲ್ಲ ಎಂಬುದು ಅವರಿಗೆ ಬೇಕು. ಎಲ್ಲಿಯವರೆಗೆ ಹೋಗಬೇಕು ಎಂಬುದು ಏಜೆನ್ಸಿ ಕೊಡುವ ಸೂಚನೆಯ ಹಾಳೆ, ಅಂದರೆ ಬ್ರೀಫ್‌ನಲ್ಲಿ ಇರುತ್ತದೆ. ಕೆಲವದರಲ್ಲಿ ವಿಚಾರಿಸಿ ಬಂದರೆ ಸಾಕು. ಇನ್ನು ಕೆಲವದರಲ್ಲಿ ‘ಅರ್ಜಿ ಹಾಕಿ, ಮಂಜೂರಾದ ಮೇಲೆ ಬೇಡ ಎನ್ನಿ’ ಎಂದಿರುತ್ತದೆ. ಈ ಎರಡನೆಯ ಬಗೆಯದರ ಬಗ್ಗೆಯೇ ಹೇಳಬೇಕಾದದ್ದು ಬಹಳ ಇದೆ.

ಬ್ರೀಫ್ ಜೊತೆ ಒಂದು ಪಾತ್ರವನ್ನೂ ಕೊಡುತ್ತಾರೆ. ‘ಬಟ್ಟೆ ಅಂಗಡಿಯಲ್ಲಿ ಕೆಲಸ, ತಿಂಗಳಿಗೆ 25 ಸಾವಿರ ಸಂಬಳ, ಆಸ್ಪತ್ರೆ ಖರ್ಚಿಗೆ ತುರ್ತಾಗಿ ಹಣ ಬೇಕು’ ಅಂತ. ಮಾತಿನಲ್ಲಿ ಆಸ್ಪತ್ರೆಯ ಕಥೆ ಹೇಳಲು ನನಗೆ ಅಡ್ಡಿಯಿಲ್ಲ. ಆದರೆ ಅರ್ಜಿಯ ಹಾಳೆಯ ಮೇಲೆ ನನ್ನ ನಿಜವಾದ ಉದ್ಯೋಗ, ನಿಜವಾದ ಆದಾಯ ಬಿಟ್ಟು ಬೇರೇನೂ ಬರೆಯುವುದಿಲ್ಲ. ಸಾಲದ ಅರ್ಜಿಯಲ್ಲಿ ಸುಳ್ಳು ಬರೆದು ಸಹಿ ಹಾಕಿದರೆ ಅದು ವಂಚನೆ. ಏಜೆನ್ಸಿಯ ಕೆಲಸಕ್ಕೆ ಬರೆದೆ ಎಂದರೆ ಆ ಸಹಿ ಏಜೆನ್ಸಿಯದಾಗುವುದಿಲ್ಲ. ಇದನ್ನು ಮೊದಲೇ ಹೇಳಿದಾಗ ಕೋಆರ್ಡಿನೇಟರ್ ಒಪ್ಪಿದ್ದೂ ಇದೆ, ಒಪ್ಪದೆ ಕೆಲಸ ಬೇರೆಯವರಿಗೆ ಹೋಗಿದ್ದೂ ಇದೆ.

ಮೂರರಲ್ಲಿ ಚಿನ್ನದ ಸಾಲದ್ದೇ ನನಗೆ ಹೆಚ್ಚು ಇಷ್ಟ. ಅಲ್ಲಿ ಎಲ್ಲವೂ ಕಣ್ಣೆದುರಿಗೆ ನಡೆಯುತ್ತದೆ, ಅಥವಾ ನಡೆಯಬೇಕು. ನಾನು ತೆಗೆದುಕೊಂಡು ಹೋಗುವುದು ಅಜ್ಜಿಯ ಬೋರಮಾಳ ಸರ. ಅದನ್ನೇ ಆರಿಸಿಕೊಂಡಿರುವುದಕ್ಕೆ ಕಾರಣ ಇದೆ. ಆ ಗುಂಡುಗಳ ಒಳಗೆ ಅರಗು ತುಂಬಿರುತ್ತದೆ, ಹಾಗಾಗಿ ತೂಕದಲ್ಲಿ ಎಷ್ಟು ಕಳೆಯುತ್ತಾರೆ ಎಂಬುದೇ ದೊಡ್ಡ ಪ್ರಶ್ನೆ. ಒಂದು ಶಾಖೆಯಲ್ಲಿ ಅಪ್ರೈಸರ್ ವಯಸ್ಸಾದವರು. ಸರವನ್ನು ಕೈಯಲ್ಲಿ ಆಡಿಸಿ ನೋಡಿ, ಒರೆಗಲ್ಲಿನ ಮೇಲೆ ಎರಡು ಕಡೆ ಗೆರೆ ಎಳೆದು, ಗಾಜಿನ ಕಡ್ಡಿಯಿಂದ ಆಸಿಡ್ ತೊಟ್ಟಿಕ್ಕಿಸಿದರು. ಗೆರೆ ಹಾಗೇ ಉಳಿದದ್ದನ್ನು ಕಲ್ಲು ತಿರುಗಿಸಿ ನನಗೂ ತೋರಿಸಿದರು. ತಕ್ಕಡಿಯ ಮೇಲಿಟ್ಟು, ಅಂಕಿ ನನಗೆ ಕಾಣುವ ಹಾಗೆ ಪಕ್ಕಕ್ಕೆ ಸರಿದು ನಿಂತರು.

“ಅರಗು ಐತಮ್ಮ ಒಳಗೆ. ಅದನ್ನ ಕಳೀಲೇಬೇಕು. ದಾರಾನೂ ಕಳೀತೀನಿ. ಉಳಿದಿದ್ದಕ್ಕೆ ಸಾಲ” ಅಂದರು. ಒಟ್ಟು ತೂಕ, ಕಳೆದದ್ದು, ನಿವ್ವಳ ತೂಕ ಮೂರನ್ನೂ ಚೀಟಿಯಲ್ಲಿ ಬರೆದು ಕೊಟ್ಟರು. ನನ್ನ ವರದಿಯಲ್ಲಿ ಆ ಭಾಗಕ್ಕೆ ಪೂರ್ತಿ ಅಂಕ.

ಇನ್ನೊಂದು ಊರಿನ ಶಾಖೆಯಲ್ಲಿ ಅದೇ ಸರವನ್ನು ಒಳಕೋಣೆಗೆ ಒಯ್ದರು. ನಾನೂ ಬರುತ್ತೇನೆ ಎಂದರೆ ‘ಒಳಗೆ ಕಸ್ಟಮರ್‌ಗೆ ಪರ್ಮಿಷನ್ ಇಲ್ಲ ಮೇಡಂ’. ಹೊರಗೆ ಬಂದಾಗ ಬರೀ ಸಾಲದ ಮೊತ್ತ ಹೇಳಿದರು. ಎಷ್ಟು ಕಳೆದಿರಿ ಎಂದು ಕೇಳಿದರೆ ಸಿಸ್ಟಮ್ ಕಡೆ ಕೈ ತೋರಿಸಿದರು. ರಿಸರ್ವ್ ಬ್ಯಾಂಕ್ 2025ರ ಜೂನ್‌ನಲ್ಲಿ ಚಿನ್ನ-ಬೆಳ್ಳಿ ಅಡವಿನ ಸಾಲಕ್ಕೆ ಹೊರಡಿಸಿದ ನಿರ್ದೇಶನಗಳಲ್ಲಿ ಇದನ್ನು ಬಿಡಿಸಿ ಹೇಳಿದೆ: ಪರೀಕ್ಷೆ ಸಾಲಗಾರನ ಎದುರಿಗೇ ಆಗಬೇಕು. ಶುದ್ಧತೆ, ಒಟ್ಟು ತೂಕ, ನಿವ್ವಳ ತೂಕ, ಕಳೆದದ್ದೆಷ್ಟು, ಇದೆಲ್ಲ ಇರುವ ಪ್ರಮಾಣಪತ್ರದ ಒಂದು ಪ್ರತಿ ಅವನ ಕೈಗೆ ಬರಬೇಕು. ಸಾಲ ತೀರಿಸಿದ ಮೇಲೆ ಒಡವೆ ಹಿಂದಿರುಗಿಸಲು ಸಾಲ ಕೊಟ್ಟವರ ಕಡೆಯಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ. ಇವೆಲ್ಲ ಕಡ್ಡಾಯವಾಗಲು ಇಟ್ಟ ಗಡುವು 2026ರ ಏಪ್ರಿಲ್ 1. ಎರಡೂವರೆ ಲಕ್ಷದವರೆಗಿನ ಸಾಲಕ್ಕೆ ಒಡವೆಯ ಬೆಲೆಯ 85% ತನಕ ಕೊಡಬಹುದು ಎಂಬುದೂ ಅದರಲ್ಲೇ ಇದೆ. ಸಿಬ್ಬಂದಿ ಈ 85 ಎಂಬ ಅಂಕಿಯನ್ನು ಮಾತ್ರ ಬಾಯಿಪಾಠ ಮಾಡಿಕೊಂಡಿರುತ್ತಾರೆ.

ಚಿನ್ನದ ಸಾಲದಲ್ಲಿ ನಾನು ತಪ್ಪದೆ ಕೇಳುವ ಪ್ರಶ್ನೆ ಒಂದಿದೆ: “ಮೂರು ತಿಂಗಳು ಬಡ್ಡಿ ಕಟ್ಟೋಕೆ ಆಗ್ಲಿಲ್ಲ ಅಂದ್ರೆ?” ಫಲಕದಲ್ಲಿ ಹಾಕಿದ ಕಡಿಮೆ ಬಡ್ಡಿ ಅನೇಕ ಸ್ಕೀಮುಗಳಲ್ಲಿ ತಿಂಗಳು ತಿಂಗಳು ಸರಿಯಾಗಿ ಕಟ್ಟಿದವರಿಗೆ ಸಿಗುವ ರಿಯಾಯಿತಿ ದರ. ತಿಂಗಳು ತಪ್ಪಿದರೆ ದರ ಮೇಲಿನ ಮೆಟ್ಟಿಲಿಗೆ ಏರುತ್ತದೆ. ಅಡವಿಡುವವರಲ್ಲಿ ಹೆಚ್ಚಿನವರು ಬೆಳೆ ಬಂದ ಮೇಲೆ, ಚೀಟಿ ಎತ್ತಿದ ಮೇಲೆ ಒಟ್ಟಿಗೆ ಬಿಡಿಸಿಕೊಳ್ಳುವವರು. ಅವರಿಗೆ ಅನ್ವಯಿಸುವುದು ಮೇಲಿನ ದರವೇ. ಕೇಳಿದರೆ ಹೇಳುತ್ತಾರೆ, ಕೇಳದಿದ್ದರೆ ಹೇಳುವವರು ಕಡಿಮೆ. ಇದನ್ನು ನಾನು ಪ್ರತಿ ವರದಿಯಲ್ಲೂ ಬರೆಯುತ್ತೇನೆ.

ಮೊಬೈಲ್ ಅಂಗಡಿಯ ಇಎಂಐ ಕೌಂಟರಿನಲ್ಲಿ ಎಲ್ಲಕ್ಕೂ ಅವಸರ. ಹಬ್ಬದ ಸಮಯ, ಅಂಗಡಿ ತುಂಬ ಜನ. ಕೌಂಟರಿನ ಹುಡುಗ ಒಳ್ಳೆಯವನು, ಮಾತಿನಲ್ಲಿ ಮರ್ಯಾದೆಯಿತ್ತು. “ಅಕ್ಕ, ಎಲಿಜಿಬಿಲಿಟಿ ಒಂದ್ ಚೆಕ್ ಮಾಡಿಬಿಡ್ತೀನಿ, ಪ್ಯಾನ್ ನಂಬರ್ ಹೇಳಿ. ಸಾಲ ಏನೂ ಆಗಲ್ಲ” ಅಂದ. ಬ್ರೀಫ್‌ನಲ್ಲಿ ಅಲ್ಲಿಯವರೆಗೆ ಹೋಗಬಹುದು ಎಂದಿತ್ತು. ನಂಬರು ಹೇಳಿದೆ. ಒಟಿಪಿ ಬಂತು. ನಾನು ಸಂದೇಶ ಓದುವಷ್ಟರಲ್ಲಿ “ಕೊಡಿ ಅಕ್ಕ, ನಾನೇ ಹಾಕ್ತೀನಿ” ಎಂದು ಫೋನಿಗೆ ಕೈ ಚಾಚಿದ. ಫೋನು ಕೊಡಲಿಲ್ಲ. ಸಂದೇಶದಲ್ಲಿ ಇದ್ದದ್ದು ನನ್ನ ಕ್ರೆಡಿಟ್ ಮಾಹಿತಿ ತೆಗೆಯಲು ಒಪ್ಪಿಗೆ. ಬಡ್ಡಿ ಎಷ್ಟು, ಫೀ ಎಷ್ಟು ಎಂದು ನನಗೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ಪೋಸ್ಟರಿನಲ್ಲಿ ‘ನೋ ಕಾಸ್ಟ್ ಇಎಂಐ’ ಎಂದು ದೊಡ್ಡದಾಗಿ ಇತ್ತು, ಅಷ್ಟೆ. ಶೂನ್ಯ ಬಡ್ಡಿ ಎಂಬ ಪರಿಕಲ್ಪನೆಯೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಬರೆದಿದೆ. ಬಡ್ಡಿ ಪ್ರೊಸೆಸಿಂಗ್ ಫೀ ರೂಪದಲ್ಲಿ ಬರುತ್ತದೆ, ಇಲ್ಲವೇ ನಗದಿಗೆ ಕೊಂಡರೆ ಸಿಗಬೇಕಾದ ರಿಯಾಯಿತಿ ಕೈಬಿಡುತ್ತದೆ. “ನಗದು ಕೊಟ್ಟರೆ ಎಷ್ಟಕ್ಕೆ ಕೊಡ್ತೀರಪ್ಪಾ?” ಎಂದು ಕೇಳಿದೆ. ಆಗ ಬೆಲೆ ಇಳಿಯಿತು. ಇಳಿದ ಆ ಮೊತ್ತವೇ ‘ನೋ ಕಾಸ್ಟ್’ನ ಕಾಸ್ಟ್.

ಒಟಿಪಿ ಹೇಳದೆ, ಯಜಮಾನರನ್ನು ಕೇಳಿ ಬರುತ್ತೇನೆ ಎಂದು ಹೊರಟೆ. ಅಂದು ಸಂಜೆ, ಜನರ ಸಾಲದ ದಾಖಲೆ ಇಡುವ ಕ್ರೆಡಿಟ್ ಬ್ಯೂರೋದಿಂದ ಎಸ್ಸೆಮ್ಮೆಸ್ಸು: ನಿಮ್ಮ ಕ್ರೆಡಿಟ್ ವರದಿಯನ್ನು ಇಂಥ ಸಂಸ್ಥೆ ಪಡೆದಿದೆ. ಹೀಗೆ ಯಾರಾದರೂ ವರದಿ ತೆಗೆದಾಗ ತಿಳಿಸಲೇಬೇಕು ಎಂಬ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ, ಆದ್ದರಿಂದ ನನಗೆ ಗೊತ್ತಾಯಿತು. ನಮ್ಮ ದೇಶದಲ್ಲಿ ಬ್ಯೂರೋಗಳು ನಾಲ್ಕು: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್. ಪ್ರತಿಯೊಂದರಿಂದಲೂ ವರ್ಷಕ್ಕೊಂದು ಪೂರ್ಣ ವರದಿ ಪುಕ್ಕಟೆ ಸಿಗುತ್ತದೆ. ತೆಗೆಸಿ ನೋಡಿದೆ. ‘ಎನ್‌ಕ್ವೈರಿ’ ಎಂಬ ಭಾಗದಲ್ಲಿ ತಾರೀಕು, ಸಂಸ್ಥೆಯ ಹೆಸರು, ಸಾಲದ ಬಗೆ, ಮೊತ್ತ ಎಲ್ಲ ಕೂತಿತ್ತು. ನಾಳೆ ಮನೆಸಾಲಕ್ಕೆ ಹೋದರೆ ಬ್ಯಾಂಕಿನವರು ಅದನ್ನು ನೋಡುತ್ತಾರೆ. ಇವಳು ಮಿಸ್ಟರಿ ಶಾಪರ್ ಎಂದು ಅಲ್ಲಿ ಬರೆದಿರುವುದಿಲ್ಲ. ಕೆಲವೇ ವಾರಗಳಲ್ಲಿ ಅಂಥ ನಾಲ್ಕೈದು ಎನ್‌ಕ್ವೈರಿ ಸಾಲಾಗಿ ಬಂದರೆ, ದುಡ್ಡಿಗಾಗಿ ಅಲೆಯುತ್ತಿರುವವಳು ಎಂದೇ ಓದಿಕೊಳ್ಳುತ್ತಾರೆ. ಸ್ಕೋರೂ ಇಳಿಯುತ್ತದೆ.

ನನಗೆ ಕೋಪ ಬಂದದ್ದು ನಿಜ. ಒಪ್ಪಿಗೆ ಕೊಡದೆ ವರದಿ ತೆಗೆದದ್ದು ಹೇಗೆ ಎಂದು ಆ ಸಂಸ್ಥೆಗೂ ಬ್ಯೂರೋಗೂ ಬರೆದೆ. ಇಂಥ ದೂರನ್ನು 30 ದಿನದೊಳಗೆ ಇತ್ಯರ್ಥ ಮಾಡಬೇಕು, ಮೀರಿದರೆ ದಿನಕ್ಕೆ 100 ರೂಪಾಯಿ ಪರಿಹಾರ ಎಂಬ ನಿಯಮವನ್ನೂ ಪತ್ರದಲ್ಲಿ ಸೇರಿಸಿದೆ. ಗಡುವಿನೊಳಗೇ ಆ ಸಾಲು ಅಳಿಸಿದರು. ಉತ್ತರದಲ್ಲಿ ಕಾರಣ ಇರಲಿಲ್ಲ. ಏಜೆನ್ಸಿಗೆ ಎರಡೂ ಪ್ರತಿ ಕಳಿಸಿ, ಇದು ವರದಿಯ ಭಾಗವಾಗಬೇಕು ಎಂದೆ.

ಕೈಸಾಲದ ಕಚೇರಿಯ ಸಂಗತಿಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನಮ್ಮ ಕಡೆ ಬಡ್ಡಿಯನ್ನು ನೂರಕ್ಕೆ ಇಷ್ಟು ರೂಪಾಯಿ ಎಂದೇ ಲೆಕ್ಕ ಹಾಕುವುದು. ಆ ಕಚೇರಿಯವನೂ ಹಾಗೇ ಹೇಳಿದ: “ನೂರಕ್ಕೆ ಒಂದೂವರೆ ರೂಪಾಯಿ ಅಷ್ಟೇ ಮೇಡಂ. ಹೊರಗಡೆ ಐದು ತಗೋತಾರೆ.” ಹತ್ತು ಸಾವಿರ, 12 ಕಂತು. ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದು ತೋರಿಸಿದ: ವರ್ಷಕ್ಕೆ ಬಡ್ಡಿ 1,800, ಒಟ್ಟು 11,800, ತಿಂಗಳಿಗೆ 983 ಚಿಲ್ಲರೆ. ಕೇಳುವವರ ಕಿವಿಗೆ ಇದು ವರ್ಷಕ್ಕೆ 18%.

ಆದರೆ ಮೊದಲ ತಿಂಗಳಿನಿಂದಲೇ ಅಸಲು ಸ್ವಲ್ಪ ಸ್ವಲ್ಪ ವಾಪಸ್ ಹೋಗುತ್ತಿರುತ್ತದೆ, ಬಡ್ಡಿ ಮಾತ್ರ ಕೊನೆಯ ತಿಂಗಳವರೆಗೂ ಇಡೀ ಹತ್ತು ಸಾವಿರದ ಮೇಲೆ. ಉಳಿದ ಅಸಲಿನ ಮೇಲೆ ಲೆಕ್ಕ ಹಾಕಿದರೆ ಅದು ವರ್ಷಕ್ಕೆ 31-32% ಆಗುತ್ತದೆ. ಇನ್ನು 500 ರೂಪಾಯಿ ಪ್ರೊಸೆಸಿಂಗ್ ಫೀ, ಅದರ ಮೇಲೆ 18% ಜಿಎಸ್‌ಟಿ ಎಂದು 90. ಇದನ್ನು ಮೊದಲೇ ಹಿಡಿದುಕೊಳ್ಳುತ್ತಾರೆ. ಕೈಗೆ ಸಿಗುವುದು 9,410. ಕಂತು ಅಷ್ಟೇ. ಈಗ ಲೆಕ್ಕ ಮಾಡಿದರೆ ವಾರ್ಷಿಕ ದರ ಸುಮಾರು 44%. ಒಂದೂವರೆ ರೂಪಾಯಿ ಬಡ್ಡಿ ಎಂದು ಒಳಗೆ ಹೋದವರು ಮೂರೂವರೆ ರೂಪಾಯಿಗೂ ಮೇಲೆ ತೆತ್ತು ಹೊರಗೆ ಬರುತ್ತಾರೆ.

ಈ ನಿಜವಾದ ದರ ಗಿರಾಕಿಗೆ ಮೊದಲೇ ಗೊತ್ತಾಗಲಿ ಎಂದೇ ಕೆಎಫ್‌ಎಸ್ (ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್) ಎಂಬ ಪತ್ರ ಬಂದಿರುವುದು. 2024ರ ಏಪ್ರಿಲ್‌ನಲ್ಲಿ ಬಂದ ರಿಸರ್ವ್ ಬ್ಯಾಂಕ್ ಸುತ್ತೋಲೆಯ ಪ್ರಕಾರ ಅದೇ ವರ್ಷದ ಅಕ್ಟೋಬರ್ 1ರಿಂದ ಹೊಸ ಚಿಲ್ಲರೆ ಸಾಲಗಳಿಗೆಲ್ಲ ಇದನ್ನು ಕೊಡಬೇಕು. ಫೀ ಎಲ್ಲ ಸೇರಿಸಿದ ವಾರ್ಷಿಕ ದರ ಅದರಲ್ಲಿ ಇರಬೇಕು. ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು, ಓದಿ ವಿವರಿಸಬೇಕು. ಅದರಲ್ಲಿ ಕಾಣಿಸದ ಶುಲ್ಕವನ್ನು ಆಮೇಲೆ ಅವನ ಒಪ್ಪಿಗೆ ಇಲ್ಲದೆ ವಸೂಲು ಮಾಡುವಂತಿಲ್ಲ. ಏಳು ದಿನ ಅಥವಾ ಅದಕ್ಕಿಂತ ಹೆಚ್ಚಿನ ಅವಧಿಯ ಸಾಲವಾದರೆ ಕಾಗದ ಕೊಟ್ಟ ಮೇಲೆ ಕನಿಷ್ಠ ಮೂರು ಕೆಲಸದ ದಿನ ಯೋಚಿಸಲು ಬಿಡಬೇಕು, ಅಲ್ಲಿಯವರೆಗೆ ಅದೇ ಷರತ್ತು ಊರ್ಜಿತ. ಮನೆಗೆ ಹೋಗಿ ಯೋಚಿಸಿ ಬರುತ್ತೇನೆ ಎನ್ನುವ ಹಕ್ಕು ಗಿರಾಕಿಗೆ ಹೀಗೆ ಬಂದಿದೆ.

“ಕೆಎಫ್‌ಎಸ್ ಕೊಡಿ, ಕನ್ನಡದ್ದು” ಎಂದೆ.

“ಅದು ಸಾಲ ಆದ್ಮೇಲೆ ಮೊಬೈಲಿಗೆ ಬರುತ್ತೆ ಮೇಡಂ. ಈಗ ಒಟಿಪಿ ಹೇಳಿ.”

ಪಕ್ಕದ ಕುರ್ಚಿಯಲ್ಲಿ ಒಬ್ಬಾಕೆ ಕೂತಿದ್ದಳು. ಹೊಲಿಗೆ ಕೆಲಸದವಳು, ಮೆಷೀನಿಗೆ ಮೋಟರು ಹಾಕಿಸಬೇಕೆಂದು ಸಾಲಕ್ಕೆ ಬಂದವಳು. ಬೆರಳಿಗೆ ಸೂಜಿ ಚುಚ್ಚಿದ ಕಲೆಗಳಿದ್ದವು, ಆಧಾರ್ ಕಾರ್ಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಮಡಚಿ ಹಿಡಿದಿದ್ದಳು. ನನಗೆ ಆ ಸಾಲ ಬೇಡ, ಅವಳಿಗೆ ಬೇಕು. ನಾನು ಯಾರೆಂದು ಹೇಳುವಂತಿಲ್ಲ, ಅವಳಿಗೆ ಸಲಹೆ ಕೊಡುವಂತಿಲ್ಲ, ಬ್ರೀಫ್‌ನಲ್ಲಿ ಇದು ಕಟ್ಟುನಿಟ್ಟು. ಆದರೆ ಗಿರಾಕಿಯಾಗಿ ಪ್ರಶ್ನೆ ಕೇಳುವುದಕ್ಕೆ ನನಗೆ ಯಾರ ಅಡ್ಡಿಯೂ ಇಲ್ಲ. ಸ್ವಲ್ಪ ಜೋರಾಗಿಯೇ ಕೇಳಿದೆ: “ಕೈಗೆ ಎಷ್ಟು ಬರುತ್ತೆ, ಒಟ್ಟು ಎಷ್ಟು ಕಟ್ಟಬೇಕು, ಒಂದು ಕಂತು ತಪ್ಪಿದ್ರೆ ಎಷ್ಟು ದಂಡ, ಮೂರನ್ನೂ ಬರೆದು ಕೊಡಿ. ಮನೇಲಿ ತೋರಿಸಿ ನಾಳೆ ಬರ್ತೀನಿ.”

ಅವನು ಒಳಗೆ ಹೋಗಿ ಮ್ಯಾನೇಜರನ್ನು ಕೇಳಿ ಬಂದು ಪ್ರಿಂಟ್ ಕೊಟ್ಟ. ಇಂಗ್ಲಿಷಿನಲ್ಲಿತ್ತು, ಆದರೂ ಕೊಟ್ಟ. ವಾರ್ಷಿಕ ದರದ ಜಾಗದಲ್ಲಿ ನಾನು ಹೇಳಿದ ಆಸುಪಾಸಿನ ಅಂಕಿಯೇ ಇತ್ತು. ಆ ಹೆಂಗಸು ಕಾಗದವನ್ನು ನೋಡಿದಳು, ಆಮೇಲೆ ಅವನ ಮುಖ ನೋಡಿದಳು. “ನಂದೂ ಹಂಗೇ ಬರ್ದು ಕೊಡಪ್ಪಾ. ಮಗನಿಗೆ ತೋರಿಸ್ಕೊಂಡು ಬರ್ತೀನಿ.” ಅವಳಿಗೂ ಕೊಡಲೇಬೇಕಾಯಿತು.

ವರದಿ ಬರೆಯುವಾಗ ನನ್ನ ಮನಸ್ಸು ಒದ್ದಾಡುವುದು ಈ ಹುಡುಗರ ವಿಷಯದಲ್ಲಿ. ತಿಂಗಳ ಟಾರ್ಗೆಟ್, ಮೇಲಿನಿಂದ ಬಂದ ಸ್ಕ್ರಿಪ್ಟ್, ಮುಗಿಯದ ಫೋನು. ಕಾಗದ ಕೊಡಬೇಡ ಎಂದು ಇವರಿಗೆ ಯಾರೂ ಬರೆದು ಹೇಳಿರುವುದಿಲ್ಲ. ಆದರೆ ಕಾಗದ ಓದುತ್ತಾ ಕೂತ ಗಿರಾಕಿಯಿಂದ ಆ ದಿನದ ಲೆಕ್ಕ ತುಂಬುವುದಿಲ್ಲ. ಹಾಗಾಗಿ ವರದಿಯಲ್ಲಿ ನನ್ನ ಅಭಿಪ್ರಾಯ ಕಡಿಮೆ, ಅವರು ಆಡಿದ ಮಾತು ಹೆಚ್ಚು. ಹೊರಗೆ ಬಂದ ತಕ್ಷಣ ಆಡಿದ ಮಾತನ್ನು ಆಡಿದಂತೆಯೇ, ಸಮಯದ ಸಮೇತ ಬರೆದಿಟ್ಟುಕೊಳ್ಳುತ್ತೇನೆ. ‘ಸಿಬ್ಬಂದಿ ದಾರಿ ತಪ್ಪಿಸಿದರು’ ಎಂದು ಬರೆದರೆ ಪೆಟ್ಟು ಆ ಹುಡುಗನೊಬ್ಬನಿಗೆ. ‘ಒಟಿಪಿ ಕೇಳಿದ್ದು 11:20, ಕೆಎಫ್‌ಎಸ್ ಕೊಟ್ಟಿದ್ದು 11:45, ಅದೂ ಕೇಳಿದ ಮೇಲೆ’ ಎಂದು ಬರೆದರೆ ಶಾಖೆಯ ಪದ್ಧತಿಯೇ ಕಾಣುತ್ತದೆ. ವಸೂಲಿಯ ಬಗ್ಗೆ ಕೇಳಿದಾಗ ಮಾತ್ರ ಈಗ ಎಲ್ಲರೂ ಎಚ್ಚರದಿಂದ ಮಾತಾಡುತ್ತಾರೆ. 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಕಿರುಸಾಲದ ಕಿರುಕುಳದ ವಿರುದ್ಧ ತಂದ ಸುಗ್ರೀವಾಜ್ಞೆಯಲ್ಲಿ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಇತ್ತು. ಆ ಭಯ ಕೌಂಟರಿನವರೆಗೂ ಇಳಿದಿದೆ.

ಈಗ ಫೋನಿನಲ್ಲಿ ಬರುವ ನಕಲಿ ಅಸೈನ್‌ಮೆಂಟುಗಳ ಮಾತು. ನಮ್ಮ ಬೀದಿಯ ಹುಡುಗನೊಬ್ಬ ಟೆಲಿಗ್ರಾಂನಲ್ಲಿ ಬಂದದ್ದನ್ನು ತೋರಿಸಿದ. ಮಿಸ್ಟರಿ ಶಾಪರ್ ಬೇಕಾಗಿದ್ದಾರೆ, ಕೊಟ್ಟ ಲೋನ್ ಆ್ಯಪ್‌ಗಳಲ್ಲಿ ಅರ್ಜಿ ಹಾಕಿ, ಖಾತೆಗೆ ಹಣ ಬಂದ ಮೇಲೆ ಹತ್ತರಲ್ಲಿ ಒಂದು ಭಾಗ ನಿಮ್ಮದು, ಉಳಿದದ್ದನ್ನು ಕಂಪನಿಯ ಖಾತೆಗೆ ಹಾಕಿ, ಕಂತು ಕಂಪನಿ ಕಟ್ಟುತ್ತದೆ. ಕಂಪನಿ ಕಟ್ಟುವುದಿಲ್ಲ. ಸಾಲ ಅವನ ಹೆಸರಿನಲ್ಲಿ, ಅವನ ಪ್ಯಾನ್‌ನಲ್ಲಿ, ಅವನೇ ಹೇಳಿದ ಒಟಿಪಿಯಿಂದ ಆದದ್ದು. ಮೋಸ ಹೋದೆ ಎಂದು ಸಾಲ ಕೊಟ್ಟವರಿಗೆ ಒಪ್ಪಿಸುವುದು ಬಹಳ ಕಷ್ಟ. ನಿಜವಾದ ಮಿಸ್ಟರಿ ಶಾಪಿಂಗ್ ಏಜೆನ್ಸಿ ಸಾಲದ ಹಣವನ್ನು ಯಾವತ್ತೂ ಮುಟ್ಟುವುದಿಲ್ಲ, ನೋಂದಣಿ ಶುಲ್ಕ ಕೇಳುವುದಿಲ್ಲ, ನಿಮ್ಮ ಒಟಿಪಿ ಅದಕ್ಕೆ ಬೇಕಾಗುವುದಿಲ್ಲ. ಹಣ ಕಳಿಸಿಬಿಟ್ಟಿದ್ದರೆ ಒಂದು ಗಂಟೆಯೂ ಕಾಯದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಆ್ಯಪ್ ಯಾವುದಾದರೂ ಸರಿ, ರಿಸರ್ವ್ ಬ್ಯಾಂಕ್ 2025ರ ಜುಲೈನಿಂದ ತನ್ನ ವೆಬ್‌ಸೈಟಿನಲ್ಲಿ ಹಾಕಿರುವ ಡಿಜಿಟಲ್ ಸಾಲದ ಆ್ಯಪ್‌ಗಳ ಪಟ್ಟಿಯಲ್ಲಿ ಹುಡುಕಿ ನೋಡಿ. ಕಾಂಟ್ಯಾಕ್ಟ್ಸ್, ಫೋಟೋ ಗ್ಯಾಲರಿ ನೋಡಲು ಬಿಡಿ ಎಂದು ಕೇಳಿದರೆ ಅಲ್ಲಿಗೇ ನಿಲ್ಲಿಸಿ. ಸಾಲದ ಆ್ಯಪ್‌ಗೆ ಅವನ್ನು ಮುಟ್ಟುವ ಅಧಿಕಾರವೇ ಇಲ್ಲ.

ಹೊಸ ಸಾಲದ ಅಸೈನ್‌ಮೆಂಟ್ ಬಂದಾಗ ನಾನು ಈಗ ಮೊದಲು ಏಜೆನ್ಸಿಗೆ ಮೇಲ್ ಬರೆಯುತ್ತೇನೆ. ಕೆಲಸ ಕೊಟ್ಟ ಕಂಪನಿಯ ಅನುಮತಿ ಪತ್ರ ನನಗೆ ಬೇಕು. ಕ್ರೆಡಿಟ್ ವರದಿ ತೆಗೆಯುವ ಒಟಿಪಿಗೆ ಮುಂಚೆಯೇ ನಾನು ನಿಲ್ಲಿಸುತ್ತೇನೆ. ಅದಕ್ಕೂ ಮುಂದೆ ಹೋಗಲೇಬೇಕಾದರೆ ಎನ್‌ಕ್ವೈರಿಯನ್ನು ಅಳಿಸಿಕೊಡುವುದಾಗಿ ಕಂಪನಿಯೇ ಬರಹದಲ್ಲಿ ಕೊಡಬೇಕು. ಪ್ರಶ್ನಾವಳಿಯಲ್ಲಿ ‘ಕೆಎಫ್‌ಎಸ್ ಕೊಟ್ಟರೇ?’ ಎಂದಷ್ಟೇ ಇರುತ್ತಿತ್ತು, ಅದಕ್ಕೆ ‘ಹೌದು’ ಎಂದು ಗುರುತು ಹಾಕಿದರೆ ಎಲ್ಲ ಸರಿಯಾಗಿರುವಂತೆ ಕಾಣುತ್ತದೆ. ಯಾವ ಭಾಷೆಯಲ್ಲಿ, ಒಟಿಪಿಗಿಂತ ಮೊದಲೋ ಆಮೇಲೋ, ಕೇಳಿದ ಮೇಲೋ ಕೇಳದೆಯೋ ಎಂದು ಮೂರು ಪ್ರಶ್ನೆ ಸೇರಿಸಿ ಎಂದು ಒತ್ತಾಯ ಮಾಡುತ್ತಾ ಬಂದೆ. ಕೋಆರ್ಡಿನೇಟರ್ ಮೊದಮೊದಲು ಫಾರ್ಮ್ ಕಂಪನಿಯದು, ನಮ್ಮ ಕೈಲಿಲ್ಲ ಎಂದರು. ಈಚೆಗೆ ಬಂದ ಬ್ರೀಫ್‌ನಲ್ಲಿ ಒಟಿಪಿಯ ಪ್ರಶ್ನೆ ಸೇರಿದೆ. ಭಾಷೆಯದು ಇನ್ನೂ ಸೇರಿಲ್ಲ, ಹಾಗಾಗಿ ಅದನ್ನು ಪ್ರತಿ ಸಲವೂ ಷರಾ ಕಾಲಂನಲ್ಲಿ ಬರೆಯುತ್ತಿದ್ದೇನೆ.